ಗೆರೆಗಳ ಕಾಡಿನಲ್ಲಿ ದಾರಿ ಕಾಣಬೇಕಾದರೆ

(ನಮ್ಮ ಕನ್ನಡ ವೇಳೆಯಲ್ಲಿ ಪ್ರಸಾರವಾದ ಭಾಷಣದ ಪಠ್ಯ)



ಇವತ್ತಿನ ವಿಷಯ ಕೇಳಿ ನಿಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. ಸಾಫ್ಟ್‌ವೇರ್ ಎಂಜಿನಿಯರುಗಳು ಬರೆಯುವ ನಕ್ಷೆಗಳಲ್ಲಿ ಚೌಕಗಳೂ ಗೆರೆಗಳೂ ಕಿಕ್ಕಿರಿದು ಹೋದಾಗ ಅವನ್ನು ತಿಳಿಯಾಗಿಸುವುದು ಹೇಗೆ? ಇದು ನಮ್ಮ ವಿಷಯ. ರೇಡಿಯೋದಲ್ಲಿ ಚಿತ್ರದ ಮಾತೇ? ಅದೂ ಕನ್ನಡ ಬಿ.ಎ. ಓದಿದ ಉದ್ಘೋಷಕಿಯ ಬಾಯಿಂದಲೇ? ನಿಮ್ಮ ಪ್ರಶ್ನೆ ಸರಿಯಾದದ್ದೇ. ಆದರೆ ಐರೋಲಿ, ಪವಾಯಿ, ಮಲಾಡಿನ ಕಚೇರಿಗಳಲ್ಲಿ ದುಡಿಯುವ ಎಷ್ಟೋ ಮಂದಿ ಕೇಳುಗರು ನಮ್ಮೊಡನೆ ಮಾತಾಡುವಾಗ ಹಾಡು, ನಾಟಕ, ಊರಿನ ಸುದ್ದಿಯ ಜೊತೆಗೆ ತಮ್ಮ ಕೆಲಸದ ತಲೆನೋವನ್ನೂ ಹೇಳಿಕೊಳ್ಳುತ್ತಾರೆ. ಹೊಸ ಕೆಲಸಕ್ಕೆ ಸೇರಿದ ಮೊದಲ ವಾರ ಕೈಗೊಂದು ದೊಡ್ಡ ನಕ್ಷೆ ಕೊಟ್ಟು "ಇದೇ ನಮ್ಮ ಸಿಸ್ಟಂ, ನೋಡಿಕೊಳ್ಳಿ" ಎನ್ನುತ್ತಾರಂತೆ. ನೋಡಿದರೆ ಜೇಡ ಬಲೆ ಕಟ್ಟಿದ ಹಾಗಿರುತ್ತದಂತೆ. ಇದನ್ನು ಒಬ್ಬರಲ್ಲ, ಹಲವರು ಹೇಳಿದ್ದಾರೆ. ಆದ್ದರಿಂದ ಈ ಮಾತು.

ಮೊದಲು ಈ ಕ್ಷೇತ್ರದವರಲ್ಲದ ಕೇಳುಗರಿಗಾಗಿ ಒಂದಿಷ್ಟು ಹಿನ್ನೆಲೆ. ಮನೆ ಕಟ್ಟುವ ಮೊದಲು ಪ್ಲಾನು ಬರೆಸುತ್ತೇವಲ್ಲ, ಹಾಗೆಯೇ ದೊಡ್ಡ ಸಾಫ್ಟ್‌ವೇರ್ ಕಟ್ಟುವವರೂ ನಕ್ಷೆ ಬರೆಯುತ್ತಾರೆ. 1990ರ ದಶಕದ ಮೊದಲರ್ಧದಲ್ಲಿ ಒಬ್ಬೊಬ್ಬರದು ಒಂದೊಂದು ಪದ್ಧತಿಯಾಗಿತ್ತು. ಒಬ್ಬರು ಮೋಡದ ಆಕಾರ ಬರೆದರೆ ಇನ್ನೊಬ್ಬರು ಚೌಕ ಬರೆಯುತ್ತಿದ್ದರು. ಗ್ರೇಡಿ ಬೂಚ್, ಜೇಮ್ಸ್ ರಂಬಾ, ಇವಾರ್ ಯಾಕೊಬ್ಸನ್ ಎಂಬ ಮೂವರು ತಮ್ಮ ತಮ್ಮ ಪದ್ಧತಿಗಳನ್ನು ಒಂದುಗೂಡಿಸಲು ಮುಂದಾದರು. 1997ರಲ್ಲಿ ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ ಎಂಬ ಸಂಸ್ಥೆ ಆ ಹೊಸ ಪದ್ಧತಿಯನ್ನು ಅಂಗೀಕರಿಸಿತು. ಅದರ ಹೆಸರು ಯುನಿಫೈಡ್ ಮಾಡೆಲಿಂಗ್ ಲ್ಯಾಂಗ್ವೇಜ್, ಚಿಕ್ಕದಾಗಿ ಯು.ಎಂ.ಎಲ್. 2017ರಲ್ಲಿ ಬಂದ ಅದರ 2.5.1 ಆವೃತ್ತಿಯಲ್ಲಿ 14 ಬಗೆಯ ನಕ್ಷೆಗಳಿವೆ. ಅವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದೂ ಬೇಗ ಗಿಜಿಗುಡುವುದೂ ಕ್ಲಾಸ್ ಡಯಾಗ್ರಾಂ ಎಂಬುದು.

ಕ್ಲಾಸ್ ಡಯಾಗ್ರಾಂ ಹೇಗಿರುತ್ತದೆ? ಸಾಫ್ಟ್‌ವೇರಿನಲ್ಲಿ ಬರುವ ಪ್ರತಿಯೊಂದು ಬಗೆಯ ವಸ್ತುವಿಗೂ ಒಂದು ಚೌಕ. ಚೌಕದೊಳಗೆ ಮೂರು ಅಂತಸ್ತು: ಮೇಲೆ ಹೆಸರು, ನಡುವೆ ಅದರ ವಿವರಗಳು, ಕೆಳಗೆ ಅದು ಮಾಡುವ ಕೆಲಸಗಳು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿದ್ದರೆ ನಡುವೆ ಗೆರೆ. ಗೆರೆಗಳಲ್ಲೂ ಜಾತಿಗಳಿವೆ. ತಾಯಿ ಮಕ್ಕಳ ಹಾಗೆ ಗುಣ ಬಳುವಳಿಯಾಗಿ ಬಂದಿದ್ದರೆ ತುದಿಯಲ್ಲಿ ಖಾಲಿ ತ್ರಿಕೋನ. ಒಂದು ಇನ್ನೊಂದರ ಬಿಡಿಸಲಾಗದ ಭಾಗವಾಗಿದ್ದರೆ ತುದಿಯಲ್ಲಿ ಕಪ್ಪು ವಜ್ರ. ಸುಮ್ಮನೆ ಒಂದರ ಮೇಲೊಂದು ಅವಲಂಬಿಸಿದ್ದರೆ ತುಂಡು ತುಂಡು ಗೆರೆ. ಜೊತೆಗೆ ಗೆರೆಯ ಎರಡೂ ತುದಿಯಲ್ಲಿ ಎಷ್ಟಕ್ಕೆ ಎಷ್ಟು ಎಂಬ ಅಂಕಿ.

ಎಲ್ಲರಿಗೂ ಗೊತ್ತಿರುವ ಒಂದು ಉದಾಹರಣೆ ತೆಗೆದುಕೊಳ್ಳೋಣ: ರೈಲು ಟಿಕೆಟ್ ಕಾಯ್ದಿರಿಸುವುದು. ಇದು ರೈಲ್ವೆಯವರ ನಿಜವಾದ ನಕ್ಷೆಯಲ್ಲ, ನಮ್ಮ ಮಾತಿಗಾಗಿ ಕಟ್ಟಿಕೊಂಡದ್ದು. ರೈಲು ಒಂದು ಚೌಕ. ನಿಲ್ದಾಣ, ಬೋಗಿ, ಬರ್ತು, ಟಿಕೆಟ್, ಪ್ರಯಾಣಿಕ, ದರ, ಕೋಟಾ, ವೇಟಿಂಗ್ ಲಿಸ್ಟ್, ಪಾವತಿ, ರದ್ದತಿ, ಹಣ ವಾಪಸು, ಹೀಗೆ ಒಂದೊಂದೂ ಒಂದೊಂದು ಚೌಕ. ಇಲ್ಲಿಗೇ ಹನ್ನೆರಡಾಯಿತು. ಎಸ್ಸೆಮ್ಮೆಸ್ ಕಳಿಸುವುದು, ಲಾಗಿನ್, ಪಾಸ್‌ವರ್ಡ್, ಬ್ಯಾಂಕಿನ ಕೊಂಡಿ, ವರದಿಗಳು ಎಲ್ಲ ಸೇರಿದರೆ ನಲವತ್ತು ಚೌಕಗಳಾಗುವುದು ಕಷ್ಟವಲ್ಲ.

ಈಗ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಿ. ಮುಂಬಯಿಯಿಂದ ಹುಬ್ಬಳ್ಳಿಗೆ ಗೃಹಪ್ರವೇಶಕ್ಕೆಂದು ಆರು ಜನ ಹೊರಟಿದ್ದಾರೆ. ಆರೂ ಜನರಿಗೆ ಸೇರಿ ಒಂದೇ ಟಿಕೆಟ್, ಒಂದೇ ಪಿ.ಎನ್.ಆರ್. ಹೊರಡುವ ಹಿಂದಿನ ದಿನ ಅಜ್ಜಿಗೆ ಮಂಡಿನೋವು ಜಾಸ್ತಿಯಾಯಿತು. ಅವರೊಬ್ಬರ ಬರ್ತು ಮಾತ್ರ ರದ್ದು ಮಾಡಬೇಕು, ಉಳಿದ ಐವರು ಹೋಗಬೇಕು. ನಮ್ಮ ನಕ್ಷೆಯಲ್ಲಿ ರದ್ದತಿ ಎಂಬ ಚೌಕದಿಂದ ಹೊರಟ ಗೆರೆ ಎಲ್ಲಿಗೆ ಮುಟ್ಟಬೇಕು? ಪ್ರಯಾಣಿಕನಿಗೆ. ಅದು ತಪ್ಪಿ ಟಿಕೆಟ್ಟಿಗೆ ಮುಟ್ಟಿದ್ದರೆ, ಆ ನಕ್ಷೆಯನ್ನು ನಂಬಿ ಕಟ್ಟಿದ ಸಾಫ್ಟ್‌ವೇರಿನಲ್ಲಿ ಅಜ್ಜಿಯ ಜೊತೆಗೆ ಉಳಿದ ಐವರ ಬರ್ತೂ ಹೋಗಬಹುದು. ಒಂದು ಗೆರೆ, ಒಂದು ಬೆರಳಿನಷ್ಟು ಆಚೀಚೆ. ಹನ್ನೆರಡು ಗೆರೆಗಳಿರುವ ಹಾಳೆಯಲ್ಲಿ ಇದನ್ನು ಯಾರಾದರೂ ಗುರುತಿಸುತ್ತಾರೆ. ನೂರು ಗೆರೆಗಳು ಒಂದನ್ನೊಂದು ತುಳಿದುಕೊಂಡು ಓಡುವ ಹಾಳೆಯಲ್ಲಿ ಹತ್ತು ಜನ ನೋಡಿ, ತಲೆಯಾಡಿಸಿ, ಸಹಿ ಹಾಕಿ ಕಳಿಸಿಬಿಡುತ್ತಾರೆ.

ನೋಡಿ, ಕೇಳುಗರೇ, ಗಿಜಿಗುಡುವ ನಕ್ಷೆ ಕಣ್ಣಿಗೆ ಚೆನ್ನಾಗಿಲ್ಲ ಎಂಬುದು ದೊಡ್ಡ ದೂರಲ್ಲ. ಅದರೊಳಗೆ ತಪ್ಪು ಅಡಗಿ ಕೂರುತ್ತದೆ ಎಂಬುದೇ ದೂರು. ಇನ್ನೊಂದು ನಷ್ಟವೂ ಇದೆ. ಯಾರೂ ಓದಲಾರದ ನಕ್ಷೆ ಗೋಡೆಯ ಮೇಲೆ ಇದ್ದರೂ ಇಲ್ಲದ ಹಾಗೆ. ಆಗ ಸಿಸ್ಟಂ ಹೇಗಿದೆ ಎಂಬ ತಿಳಿವಳಿಕೆ ಒಬ್ಬಿಬ್ಬರು ಹಳಬರ ತಲೆಯಲ್ಲಿ ಮಾತ್ರ ಉಳಿಯುತ್ತದೆ. ಅವರು ಬೇರೆ ಕಂಪನಿಗೆ ಹೋದ ದಿನ ಅದೂ ಅವರ ಜೊತೆ ಹೊರಟುಬಿಡುತ್ತದೆ.

ನಕ್ಷೆ ಹೀಗೇಕೆ ತುಂಬುತ್ತದೆ? ಮೊದಲ ಕಾರಣ ಲೆಕ್ಕದ್ದು. ಎಂಟು ಚೌಕಗಳಿದ್ದರೆ ಅವುಗಳ ನಡುವೆ ಹೆಚ್ಚೆಂದರೆ 28 ಜೋಡಿಗಳು. ನಲವತ್ತು ಚೌಕಗಳಾದರೆ 780. ಚೌಕಗಳು ಐದು ಪಟ್ಟಾದರೆ ಸಂಬಂಧಗಳಿಗೆ ಇರುವ ಅವಕಾಶ ಇಪ್ಪತ್ತೇಳು ಪಟ್ಟಿಗೂ ಮಿಕ್ಕಿ ಬೆಳೆಯುತ್ತದೆ. ಎಲ್ಲ ಜೋಡಿಗೂ ಗೆರೆ ಇರುವುದಿಲ್ಲ, ನಿಜ. ಆದರೂ ನಕ್ಷೆ ದೊಡ್ಡದಾದಂತೆ ಗೆರೆಗಳು ಚೌಕಗಳಿಗಿಂತ ಬೇಗ ಹೆಚ್ಚುತ್ತವೆ.

ಎರಡನೆಯ ಕಾರಣ ಯಂತ್ರದ್ದು. ಬರೆದಿಟ್ಟ ಪ್ರೋಗ್ರಾಂನಿಂದ ತಾನಾಗಿಯೇ ನಕ್ಷೆ ತೆಗೆದುಕೊಡುವ ಸಲಕರಣೆಗಳು ಬಂದಿವೆ. ಗುಂಡಿ ಒತ್ತಿದರೆ ಸಾಕು, ಇದ್ದದ್ದೆಲ್ಲ ಹಾಳೆಯ ಮೇಲೆ. ಯಾವುದು ಮುಖ್ಯ ಎಂದು ಅದಕ್ಕೇನು ಗೊತ್ತು? ಮೂರನೆಯ ಕಾರಣ ಮನುಷ್ಯರದು, ಮತ್ತು ಅದೇ ಬಲವಾದದ್ದು. ನಮ್ಮ ಮದುವೆ ಕರೆಯೋಲೆಗಳನ್ನು ನೆನಪಿಸಿಕೊಳ್ಳಿ. ವಧೂವರರ ಹೆಸರು, ಮುಹೂರ್ತ, ಸ್ಥಳ ಇಷ್ಟು ತಿಳಿದರೆ ಬಂದವರಿಗೆ ಸಾಕು. ಆದರೆ ದೊಡ್ಡಪ್ಪನ ಹೆಸರು ಬಿಟ್ಟರೆ ಬೇಸರ, ಸೋದರಮಾವನ ಹೆಸರು ಬಿಟ್ಟರೆ ಮುನಿಸು. ಹೀಗೆ ಸೇರಿಸುತ್ತ ಹೋಗಿ ಕೊನೆಗೆ ಮುಹೂರ್ತ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ನಕ್ಷೆ ಬರೆಯುವವರಿಗೂ ಇದೇ ಅಂಜಿಕೆ. ಬಿಟ್ಟರೆ ಯಾರಾದರೂ "ಇದೆಲ್ಲಿ?" ಎಂದು ಕೇಳಿಯಾರು!

ಇದಕ್ಕೆ ಮದ್ದು ಏನು? ಹಲವು ಇವೆ. ಆದರೆ ಎಲ್ಲಕ್ಕೂ ತಾಯಿಬೇರು ಒಂದೇ: ಒಂದು ನಕ್ಷೆ, ಒಂದು ಪ್ರಶ್ನೆ. ಬರೆಯಲು ಕೂರುವ ಮೊದಲು ಹಾಳೆಯ ತಲೆಯ ಮೇಲೆ ಒಂದು ಪ್ರಶ್ನೆ ಬರೆದುಕೊಳ್ಳಿ. "ಆರು ಜನರ ಟಿಕೆಟ್ಟಿನಲ್ಲಿ ಒಬ್ಬರನ್ನು ರದ್ದು ಮಾಡಿದರೆ ಏನೇನು ಬದಲಾಗುತ್ತದೆ?" ಇದು ಪ್ರಶ್ನೆ. ಈಗ ನಲವತ್ತು ಚೌಕಗಳಲ್ಲಿ ಯಾವುವು ಬೇಕು? ಟಿಕೆಟ್, ಪ್ರಯಾಣಿಕ, ಬರ್ತು, ರದ್ದತಿ, ಹಣ ವಾಪಸು, ವೇಟಿಂಗ್ ಲಿಸ್ಟ್. ಆರೇ ಆರು. ಲಾಗಿನ್ ಬೇಡ, ಎಸ್ಸೆಮ್ಮೆಸ್ ಬೇಡ, ನಿಲ್ದಾಣವೂ ಬೇಡ. "ಒಬ್ಬ ಪ್ರಯಾಣಿಕನ ದರ ಹೇಗೆ ಲೆಕ್ಕವಾಗುತ್ತದೆ?" ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಬೇರೆ ಹಾಳೆ. ಅಲ್ಲಿ ನಿಲ್ದಾಣ ಬೇಕು, ದರ ಬೇಕು, ಕೋಟಾ ಬೇಕು. ಹಣ ವಾಪಸು ಬೇಡ. ನಲವತ್ತು ಚೌಕಗಳ ಒಂದು ನಕ್ಷೆಯ ಬದಲು ಆರೆಂಟು ಚೌಕಗಳ ಐದಾರು ನಕ್ಷೆ. ಟಿಕೆಟ್ ಎಂಬ ಚೌಕ ಮೂರು ಹಾಳೆಗಳಲ್ಲಿ ಮತ್ತೆ ಮತ್ತೆ ಬಂದರೆ ತಪ್ಪೇನಿಲ್ಲ.

ಇದು ಹೊಸ ಮಾತಲ್ಲ. 1995ರಲ್ಲಿ ಫಿಲಿಪ್ ಕ್ರುಖ್ಟೆನ್ ಎಂಬವರು ಒಂದು ಲೇಖನದಲ್ಲಿ, ದೊಡ್ಡ ಸಾಫ್ಟ್‌ವೇರನ್ನು ಒಂದೇ ಚಿತ್ರದಲ್ಲಿ ಹಿಡಿಯಲು ಹೋಗಬೇಡಿ, ನಾಲ್ಕು ಬೇರೆ ಬೇರೆ ದಿಕ್ಕಿನಿಂದ ನೋಡಿ, ಅವನ್ನು ಬೆಸೆಯಲು ಕೆಲವು ಬಳಕೆಯ ಪ್ರಸಂಗಗಳನ್ನು ಇಟ್ಟುಕೊಳ್ಳಿ ಎಂದು ಪ್ರತಿಪಾದಿಸಿದರು. ನಾಲ್ಕು ಕೂಡಿಸು ಒಂದು ಎಂದೇ ಅದು ಹೆಸರಾಯಿತು. ಮುಂದೆ ಸೈಮನ್ ಬ್ರೌನ್ ಎಂಬವರು ಸಿ-ಫೋರ್ ಎಂಬ ಪದ್ಧತಿ ತಂದರು. ಅಲ್ಲಿ ದೇಶ, ರಾಜ್ಯ, ಊರು, ಬೀದಿ ಎಂದು ಭೂಪಟವನ್ನು ಹತ್ತಿರ ತಂದುಕೊಳ್ಳುವ ಹಾಗೆ ನಾಲ್ಕು ಹಂತಗಳು. ಮನೆ ಕಟ್ಟಿಸಿದವರಿಗೆ ಇದನ್ನು ವಿವರಿಸಬೇಕಿಲ್ಲ. ಗೋಡೆಯ ಪ್ಲಾನು ಬೇರೆ, ವೈರಿಂಗಿನ ಪ್ಲಾನು ಬೇರೆ, ನಲ್ಲಿ ಕೊಳವೆಯ ಪ್ಲಾನು ಬೇರೆ. ಮೂರನ್ನೂ ಒಂದೇ ಹಾಳೆಯಲ್ಲಿ ಬರೆದರೆ ಮೇಸ್ತ್ರಿ, ಎಲೆಕ್ಟ್ರಿಷಿಯನ್, ಪ್ಲಂಬರ್ ಮೂವರೂ ಜಗಳವಾಡುತ್ತಾರೆ.

ಒಂದು ಹಾಳೆಗೆ ಎಷ್ಟು ಚೌಕ ಸರಿ? ಏಳು ಎಂಬ ಸಂಖ್ಯೆಯನ್ನು ಅನೇಕರು ಹೇಳುತ್ತಾರೆ. 1956ರಲ್ಲಿ ಜಾರ್ಜ್ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞರು ಬರೆದ ಪ್ರಸಿದ್ಧ ಲೇಖನದಿಂದ ಬಂದ ಮಾತು ಅದು. ಆದರೆ ಅದು ಒಮ್ಮೆ ಕೇಳಿ ನೆನಪಿಟ್ಟುಕೊಳ್ಳುವ ಅಂಕಿ, ಪದಗಳಂಥವುಗಳ ಬಗ್ಗೆ ಹೇಳಿದ್ದು, ಕಣ್ಣ ಮುಂದೆ ಇರುವ ಚಿತ್ರದ ಬಗ್ಗೆ ಅಲ್ಲ. 2001ರಲ್ಲಿ ನೆಲ್ಸನ್ ಕೋವನ್ ಎಂಬವರು ಮನಸ್ಸು ಒಮ್ಮೆಗೆ ಹಿಡಿಯುವುದು ಸುಮಾರು ನಾಲ್ಕನ್ನು ಮಾತ್ರ ಎಂದು ವಾದಿಸಿದರು. ಆದ್ದರಿಂದ ಏಳನ್ನು ಶಾಸ್ತ್ರದ ಹಾಗೆ ಹಿಡಿಯುವುದು ಬೇಡ. ಪ್ರಶ್ನೆ ಸರಿಯಾಗಿದ್ದರೆ ಸಂಖ್ಯೆ ತಾನಾಗಿಯೇ ಇಳಿಯುತ್ತದೆ.

ಎರಡನೆಯ ಮದ್ದು, ಚೌಕದ ಒಳಗನ್ನು ಖಾಲಿ ಮಾಡುವುದು. ಪ್ರಯಾಣಿಕ ಎಂಬ ಚೌಕದಲ್ಲಿ ಹೆಸರು, ವಯಸ್ಸು, ಲಿಂಗ, ಊಟದ ಆಯ್ಕೆ ಎಂದು ಹತ್ತು ಸಾಲು ಇರಬಹುದು. ನಮ್ಮ ಪ್ರಶ್ನೆಗೆ ಬೇಕಾದದ್ದು ಒಂದೇ ಸಾಲು: ಅವರ ಸ್ಥಿತಿ ಏನು, ಖಚಿತವೋ, ವೇಟಿಂಗೋ, ರದ್ದೋ. ಉಳಿದದ್ದನ್ನು ಮರೆಮಾಡಿ. ಯು.ಎಂ.ಎಲ್. ನಿಯಮವೇ ಇದಕ್ಕೆ ಒಪ್ಪಿಗೆ ಕೊಟ್ಟಿದೆ. ಚೌಕದ ಒಂದು ಅಂತಸ್ತನ್ನು ತೋರಿಸದಿದ್ದರೆ ಅಲ್ಲಿ ಏನೂ ಇಲ್ಲ ಎಂದು ಅರ್ಥವಲ್ಲ. ಇಲ್ಲಿ ತೋರಿಸಿಲ್ಲ ಎಂದಷ್ಟೇ ಅರ್ಥ. ಪಟ್ಟಿಯನ್ನು ಅರ್ಧಕ್ಕೆ ನಿಲ್ಲಿಸಿದರೆ ಕೊನೆಗೆ ಮೂರು ಚುಕ್ಕಿ ಇಡಿ, ಇನ್ನೂ ಇದೆ ಎಂದು ಓದುವವರಿಗೆ ತಿಳಿಯುತ್ತದೆ. ಪ್ಲಾಂಟ್‌ಯು.ಎಂ.ಎಲ್. ಎಂಬ ಸಲಕರಣೆ ಬಳಸುವವರು ‘ಹೈಡ್ ಮೆಂಬರ್ಸ್’ ಎಂದು ಒಂದು ಸಾಲು ಬರೆದರೆ ಚೌಕಗಳ ಒಡಲೆಲ್ಲ ಖಾಲಿಯಾಗಿ ಹೆಸರು ಮಾತ್ರ ಉಳಿಯುತ್ತದೆ.

ತೆಗೆದರೆ ಕಳೆದುಹೋದೀತು ಎಂಬ ಭಯ ಇದ್ದವರಿಗೆ ಒಂದು ಸಮಾಧಾನ. ಪೂರ್ಣ ಪ್ರಮಾಣದ ಮಾಡೆಲಿಂಗ್ ಸಲಕರಣೆಗಳಲ್ಲಿ ಮಾದರಿ ಬೇರೆ, ಚಿತ್ರ ಬೇರೆ. ಮಾದರಿ ಎಂದರೆ ಉಗ್ರಾಣ, ಚಿತ್ರ ಎಂದರೆ ಊಟಕ್ಕೆ ಹಾಕಿದ ಎಲೆ. ಎಲೆಯ ಮೇಲಿಂದ ತೆಗೆದದ್ದು ಉಗ್ರಾಣದಲ್ಲಿ ಹಾಗೆಯೇ ಇರುತ್ತದೆ. ಚಿತ್ರದಿಂದ ತೆಗೆಯುವ ಆಜ್ಞೆ ಒಂದು, ಮಾದರಿಯಿಂದಲೇ ಅಳಿಸುವ ಆಜ್ಞೆ ಇನ್ನೊಂದು. ಯಾವುದನ್ನು ಒತ್ತುತ್ತಿದ್ದೀರಿ ಎಂದು ನೋಡಿಕೊಂಡರಾಯಿತು.

ಮೂರನೆಯದು ಗೆರೆಗಳ ವಿಚಾರ. ದಿನಾಂಕ, ಹಣದ ಮೊತ್ತ, ವಿಳಾಸ ಇಂಥವುಗಳಿಗೂ ಚೌಕ ಬರೆದು ಎಲ್ಲ ಕಡೆಯಿಂದ ಗೆರೆ ಎಳೆಯುವ ಅಭ್ಯಾಸ ಕೆಲವರಿಗಿದೆ. ದಿನಾಂಕ ಇಲ್ಲದ ವಸ್ತು ಯಾವುದಿದೆ? ಹಾಗಾಗಿ ಹಾಳೆಯ ಅರ್ಧ ಗೆರೆಗಳು ಅಲ್ಲಿಗೇ ಓಡುತ್ತವೆ. ಅದನ್ನು ಚೌಕದ ಒಳಗೆ ಒಂದು ಸಾಲಾಗಿ ಬರೆದರೆ ಸಾಕು, ಯು.ಎಂ.ಎಲ್. ಎರಡಕ್ಕೂ ಅವಕಾಶ ಕೊಡುತ್ತದೆ. ಒಂದು ತಾಯಿಗೆ ಐದು ಮಕ್ಕಳ ಚೌಕಗಳಿದ್ದರೆ ಐದು ಬಾಣ ಬೇರೆ ಬೇರೆ ಎಳೆಯುವ ಬದಲು ವಂಶವೃಕ್ಷದ ಹಾಗೆ ಐದನ್ನೂ ಕೂಡಿಸಿ ಒಂದೇ ತ್ರಿಕೋನಕ್ಕೆ ಸೇರಿಸಿ. ತಾಯಿ ಯಾವಾಗಲೂ ಮೇಲಿರಲಿ. ಒಂದು ನಕ್ಷೆಯಲ್ಲಿ ಮೇಲೆ, ಇನ್ನೊಂದರಲ್ಲಿ ಬಲಕ್ಕೆ ಎಂದು ಮಾಡಿದರೆ ಓದುವ ಕಣ್ಣು ಪ್ರತಿ ಹಾಳೆಯಲ್ಲೂ ಹೊಸದಾಗಿ ದಾರಿ ಕಲಿಯಬೇಕಾಗುತ್ತದೆ.

ಇನ್ನು ಗೆರೆಗಳು ಒಂದನ್ನೊಂದು ದಾಟುವುದು. ಚಿತ್ರ ಓದುವವರಿಗೆ ಯಾವುದು ಹೆಚ್ಚು ತೊಡಕು ಎಂದು ಹೆಲೆನ್ ಪರ್ಚೇಸ್ ಎಂಬ ಸಂಶೋಧಕಿ ಪ್ರಯೋಗ ಮಾಡಿ ನೋಡಿದರು. 1997ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಂಡದ್ದು ಇಷ್ಟು: ಗೆರೆ ಬಾಗುವುದು, ಚಿತ್ರ ಎರಡೂ ಬದಿ ಸಮನಾಗಿ ಕಾಣುವುದು ಇವುಗಳಿಗಿಂತ ಗೆರೆಗಳು ಅಡ್ಡ ದಾಟದಂತೆ ನೋಡಿಕೊಳ್ಳುವುದೇ ಎಲ್ಲಕ್ಕಿಂತ ಮುಖ್ಯ. ಆದ್ದರಿಂದ ಚಿತ್ರ ಚೆಂದ ಮಾಡಲು ಇರುವ ಸಮಯ ಹತ್ತೇ ನಿಮಿಷವಾದರೆ, ಹತ್ತನ್ನೂ ಅಡ್ಡ ದಾಟುವ ಗೆರೆಗಳನ್ನು ಬಿಡಿಸಲು ಕೊಡಿ.

ಯಂತ್ರಕ್ಕೇ ಬಿಟ್ಟರಾಗದೇ? ಸಹಾಯವಾಗುತ್ತದೆ. 1981ರಲ್ಲಿ ಜಪಾನಿನ ಸುಗಿಯಾಮ ಮತ್ತು ಅವರ ಸಂಗಡಿಗರು ಚೌಕಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ, ಪ್ರತಿ ಮೆಟ್ಟಿಲಿನಲ್ಲೂ ಅವುಗಳ ಸ್ಥಾನ ಅದಲು ಬದಲು ಮಾಡಿ ದಾಟುಗಳನ್ನು ಕಡಿಮೆ ಮಾಡುವ ವಿಧಾನ ಕೊಟ್ಟರು. ಇವತ್ತಿನ ಅನೇಕ ಸಲಕರಣೆಗಳು ಅದೇ ದಾರಿಯಲ್ಲಿ ನಡೆಯುತ್ತವೆ. ಆದರೆ ಅತಿ ಕಡಿಮೆ ದಾಟುಗಳಿರುವ ಜೋಡಣೆಯನ್ನೇ ಕಂಡುಹಿಡಿಯುವುದು ಕಂಪ್ಯೂಟರಿಗೂ ಬಹಳ ಕಠಿಣವಾದ ಲೆಕ್ಕ ಎಂದು 1983ರಲ್ಲಿ ಗಣಿತದಿಂದಲೇ ತೋರಿಸಿದ್ದಾರೆ. ಅದೂ ಅಲ್ಲದೆ ಯಾವ ಎರಡು ಚೌಕ ಅರ್ಥದಲ್ಲಿ ಹತ್ತಿರದವು ಎಂದು ಯಂತ್ರಕ್ಕೆ ತಿಳಿಯದು. ಅದು ಜೋಡಿಸಿ ಕೊಟ್ಟ ಮೇಲೆ ಕೈಯಾಡಿಸುವ ಕೆಲಸ ನಮ್ಮದೇ.

ಒಂದು ಕಾಗದ, ಪೆನ್ನು ತೆಗೆದುಕೊಂಡು ಮಕ್ಕಳ ಜೊತೆ ಆಡಿ ನೋಡಿ. ಒಂದು ಸಾಲಿನಲ್ಲಿ ಮೂರು ಮನೆ, ಕೆಳಗಿನ ಸಾಲಿನಲ್ಲಿ ನೀರು, ಕರೆಂಟು, ಗ್ಯಾಸು. ಮೂರೂ ಮನೆಗೆ ಮೂರನ್ನೂ ಕೊಡಬೇಕು, ಗೆರೆಗಳು ದಾಟಬಾರದು. ಎಂಟು ಗೆರೆ ಹೇಗೋ ಎಳೆಯಬಹುದು, ಒಂಬತ್ತನೆಯದು ಆಗುವುದೇ ಇಲ್ಲ. ಹಾಗೆಯೇ ಐದು ಚೌಕಗಳಿದ್ದು ಪ್ರತಿಯೊಂದಕ್ಕೂ ಉಳಿದ ನಾಲ್ಕರ ಜೊತೆ ಗೆರೆ ಬೇಕೆಂದರೂ ದಾಟದೆ ಗತ್ಯಂತರವಿಲ್ಲ. ದಾಟದೆ ಬರೆಯಲಾಗದ ಪ್ರತಿಯೊಂದು ಜಾಲದ ಒಡಲಲ್ಲೂ ಈ ಎರಡರಲ್ಲಿ ಒಂದು ಅಡಗಿಯೇ ಇರುತ್ತದೆ ಎಂದು 1930ರಲ್ಲಿ ಪೋಲೆಂಡಿನ ಗಣಿತಜ್ಞ ಕುರಾಟೋವ್‌ಸ್ಕಿ ಸಾಧಿಸಿ ತೋರಿಸಿದರು.

ಇದನ್ನು ಇಲ್ಲೇಕೆ ಹೇಳಿದೆ ಎಂದರೆ, ನಕ್ಷೆಯ ಸಿಕ್ಕಿನಲ್ಲಿ ಎರಡು ಬಗೆ. ಒಂದು, ಬರೆದ ರೀತಿಯಿಂದ ಬಂದದ್ದು. ಇನ್ನೊಂದು, ಸಾಫ್ಟ್‌ವೇರಿನೊಳಗೇ ಇರುವಂಥದ್ದು. ಮೊದಲನೆಯದನ್ನು ಬಾಚಣಿಗೆಯಿಂದ ಬಿಡಿಸಬಹುದು. ಒಂದೇ ಪ್ರಶ್ನೆ ಇಟ್ಟುಕೊಂಡಿರಿ, ಬೇಡದ ಚೌಕ ತೆಗೆದಿರಿ, ವಿವರ ಮರೆಮಾಡಿದಿರಿ, ಸ್ಥಾನ ಬದಲಿಸಿದಿರಿ. ಇಷ್ಟಾದ ಮೇಲೂ ಆರು ಚೌಕಗಳಲ್ಲಿ ಪ್ರತಿಯೊಂದೂ ಪ್ರತಿಯೊಂದನ್ನೂ ಹಿಡಿದುಕೊಂಡಿದೆ ಎಂದರೆ, ಆಗ ತಪ್ಪು ಚಿತ್ರದ್ದಲ್ಲ. ಕನ್ನಡಿಯನ್ನು ಒರೆಸಿಯಾಯಿತು, ಇನ್ನು ಕಾಣುತ್ತಿರುವುದು ಮುಖದ ಮೇಲಿನ ಕಲೆ. ಯಾವುದನ್ನು ಮುಟ್ಟಿದರೂ ಎಲ್ಲವೂ ಅಲುಗಾಡುವ ಸಾಫ್ಟ್‌ವೇರ್ ಅದು. ಮುಂದೆ ಬದಲಾಗಬಹುದಾದ ಒಂದೊಂದು ನಿರ್ಧಾರವನ್ನೂ ಒಂದೊಂದು ಭಾಗದೊಳಗೆ ಬಚ್ಚಿಡಿ, ಹೊರಗಿನವರಿಗೆ ಬಾಗಿಲು ಮಾತ್ರ ಕಾಣಲಿ ಎಂದು ಡೇವಿಡ್ ಪಾರ್ನಾಸ್ 1972ರಲ್ಲೇ ಹೇಳಿದ್ದರು. ಅಂಥ ಕಡೆ ಆ ಮಾತನ್ನು ಮತ್ತೆ ಓದಿಕೊಳ್ಳಬೇಕು. ತಿಳಿಯಾದ ನಕ್ಷೆಯಿಂದ ಸಿಗುವ ದೊಡ್ಡ ಲಾಭ ಇದೇ ಎಂದು ನನಗನಿಸುತ್ತದೆ: ಸಿಕ್ಕು ಹಾಳೆಯಲ್ಲಿದೆಯೋ ಕೆಲಸದಲ್ಲೇ ಇದೆಯೋ ಎಂದು ಅದು ಬೇರ್ಪಡಿಸಿ ತೋರಿಸುತ್ತದೆ.

ಬಿಡುವುದರ ಬಗ್ಗೆ ಇನ್ನೊಂದು ಮಾತು. ಲಂಡನ್ನಿನ ನೆಲದಡಿಯ ರೈಲುಗಳ ನಕ್ಷೆ ಮೊದಲು ಊರಿನ ಭೂಪಟದ ಹಾಗೆ ಅಂಕುಡೊಂಕಾಗಿತ್ತು. ಹ್ಯಾರಿ ಬೆಕ್ ಎಂಬ ನಕ್ಷೆಗಾರರು 1931ರಲ್ಲಿ ಅದನ್ನು ಹೊಸದಾಗಿ ಬರೆದರು. ಅಡ್ಡ, ಉದ್ದ ಮತ್ತು 45 ಡಿಗ್ರಿ ಓರೆ ಗೆರೆಗಳು ಮಾತ್ರ. ನಿಲ್ದಾಣಗಳ ನಡುವಿನ ನಿಜವಾದ ದೂರ ಬಿಟ್ಟರು, ಮೇಲಿನ ಬೀದಿಗಳನ್ನೆಲ್ಲ ಬಿಟ್ಟರು. ಅಧಿಕಾರಿಗಳು ಮೊದಲು ಒಪ್ಪಲಿಲ್ಲ. 1933ರಲ್ಲಿ ಅಚ್ಚಾಗಿ ಜನರ ಕೈಗೆ ಬಂದಾಗ ಜನ ಒಪ್ಪಿಕೊಂಡರು. ನಮ್ಮ ಲೋಕಲ್ ಗಾಡಿಯ ನಿಲ್ದಾಣಗಳ ಪಟ್ಟಿಯನ್ನೇ ನೋಡಿ. ಮರೀನ್ ಲೈನ್ಸ್, ಚರ್ನಿ ರೋಡ್ ನಡುವೆ ಕೂಗಳತೆ. ಭಾಯಂದರ್ ಬಿಟ್ಟರೆ ನಾಯಗಾಂವ್‌ಗೆ ಖಾಡಿ ದಾಟಿ ಹೋಗಬೇಕು. ಪಟ್ಟಿಯಲ್ಲಿ ಎರಡೂ ಒಂದೇ ಅಂತರ. ಎಲ್ಲಿ ಇಳಿಯಬೇಕು ಎಂಬ ಪ್ರಶ್ನೆಗೆ ಅಷ್ಟು ಸಾಕು.

ಆದರೆ ಬೆಕ್ ಒಂದನ್ನು ಉಳಿಸಿಕೊಂಡರು: ಥೇಮ್ಸ್ ನದಿ. ನದಿಯ ಯಾವ ದಡದಲ್ಲಿದ್ದೇವೆ ಎಂದು ತಿಳಿಯದಿದ್ದರೆ ಲಂಡನ್ನಿನವರಿಗೆ ದಿಕ್ಕೇ ತಪ್ಪುತ್ತದೆ. ನಮ್ಮ ನಕ್ಷೆಯಲ್ಲೂ ಯಾವುದು ನದಿ ಎಂದು ಕೇಳಿಕೊಳ್ಳಬೇಕು. ಟಿಕೆಟ್ಟಿನ ಉದಾಹರಣೆಯಲ್ಲಿ, ಒಂದೇ ಟಿಕೆಟ್ಟಿನ ಆರು ಜನರಲ್ಲಿ ಇಬ್ಬರಿಗೆ ಖಚಿತವಾಗಿ ನಾಲ್ವರು ವೇಟಿಂಗಿನಲ್ಲಿ ಇರಬಹುದು. ಈ ಅಪವಾದವೇ ನದಿ. ನಕ್ಷೆ ಸರಳವಾಗಲಿ ಎಂದು ಸ್ಥಿತಿಯನ್ನು ಇಡೀ ಟಿಕೆಟ್ಟಿಗೇ ಬರೆದುಬಿಟ್ಟರೆ ಚಿತ್ರ ಚೊಕ್ಕಟ, ಮಾತು ಸುಳ್ಳು. ಗೆರೆಯ ತುದಿಯಲ್ಲಿನ ‘ಒಂದರಿಂದ ಆರು’ ಎಂಬ ಅಂಕಿಯನ್ನೂ ಗಲೀಜು ಎಂದು ಅಳಿಸುವವರಿದ್ದಾರೆ. ದಯವಿಟ್ಟು ಬೇಡ. ಕಸ ಗುಡಿಸುವಾಗ ಕಾಲುಂಗುರ ಹೋಗಬಾರದು. ಹಾಳೆಯ ಮೂಲೆಯಲ್ಲಿ ಒಂದು ಸಾಲು ಬರೆದಿಡಿ: ಈ ನಕ್ಷೆಯಲ್ಲಿ ಏನನ್ನು ಬಿಟ್ಟಿದೆ, ಅದು ಯಾವ ಹಾಳೆಯಲ್ಲಿದೆ. ಓದುವವರು ನಂಬುತ್ತಾರೆ.

ಬಣ್ಣದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಯು.ಎಂ.ಎಲ್. ಬಣ್ಣಗಳಿಗೆ ಯಾವ ಅರ್ಥವನ್ನೂ ಕೊಟ್ಟಿಲ್ಲ. ಆದ್ದರಿಂದ ನೀವು ಬಳಸಿದರೆ ಎರಡೋ ಮೂರೋ ಬಣ್ಣ ಸಾಕು, ಯಾವುದಕ್ಕೆ ಏನರ್ಥ ಎಂದು ಪಕ್ಕದಲ್ಲೇ ಬರೆಯಿರಿ. ಕೆಂಪು ಹಸಿರಿನ ವ್ಯತ್ಯಾಸ ಕಾಣದವರು ನಮ್ಮ ನಡುವೆ ಇದ್ದಾರೆ, ಕಪ್ಪುಬಿಳುಪಿನಲ್ಲಿ ಅಚ್ಚು ಹಾಕುವವರೂ ಇದ್ದಾರೆ. ಅರ್ಥವನ್ನೆಲ್ಲ ಬಣ್ಣದ ಮೇಲೇ ಹೊರಿಸಬೇಡಿ.

ಕೊನೆಗೆ, ಸಾಫ್ಟ್‌ವೇರ್ ಬಾರದ ನನ್ನಂಥವಳೂ ಕೊಡಬಹುದಾದ ಒಂದು ಪರೀಕ್ಷೆ. ವ್ಯಾಕರಣದ ತರಗತಿಯಲ್ಲಿ ಕರ್ತೃ, ಕರ್ಮ, ಕ್ರಿಯಾಪದ ಎಂದು ಕಲಿತಿದ್ದೇವೆ. ನಕ್ಷೆಯ ಪ್ರತಿಯೊಂದು ಗೆರೆಯೂ ಒಂದು ವಾಕ್ಯ. ಈ ತುದಿಯ ಚೌಕ ಕರ್ತೃ, ಆ ತುದಿಯದು ಕರ್ಮ, ಗೆರೆಯ ಮೇಲಿನ ಹೆಸರು ಕ್ರಿಯಾಪದ. "ಟಿಕೆಟ್ ಒಂದರಿಂದ ಆರು ಪ್ರಯಾಣಿಕರನ್ನು ಒಳಗೊಂಡಿದೆ." "ರದ್ದತಿ ಒಬ್ಬ ಪ್ರಯಾಣಿಕನನ್ನು ಬಿಡುಗಡೆ ಮಾಡುತ್ತದೆ." ಕ್ರಿಯಾಪದ ಸಿಗದ ಗೆರೆ ಕಂಡರೆ ಅನುಮಾನಿಸಿ. ‘ಸಂಬಂಧಿಸಿದೆ’ ಎಂದಷ್ಟೇ ಹೇಳಬಲ್ಲ ಗೆರೆ ಬಹುಮಟ್ಟಿಗೆ ಬೇಡವಾದ ಗೆರೆ.

ಈ ವಾಕ್ಯಗಳನ್ನು ಒಬ್ಬ ಸಹೋದ್ಯೋಗಿಗೆ ಫೋನಿನಲ್ಲಿ ಓದಿ ಹೇಳಿ. ಅವರು ಚಿತ್ರ ನೋಡಿರಬಾರದು, ಕೈಯಲ್ಲಿ ಕಾಗದ ಪೆನ್ನು ಮಾತ್ರ ಇರಲಿ. ಐದು ನಿಮಿಷದಲ್ಲಿ ಅವರು ಬರೆದದ್ದು ನಿಮ್ಮ ನಕ್ಷೆಯ ಹಾಗೆಯೇ ಇದ್ದರೆ ನಕ್ಷೆ ತಿಳಿಯಾಗಿದೆ. ಎಲ್ಲಿ ಅವರು "ತಡೀರಿ, ಇನ್ನೊಮ್ಮೆ ಹೇಳಿ" ಎನ್ನುತ್ತಾರೋ ಅಲ್ಲಿ ಸಿಕ್ಕಿದೆ ಎಂದು ಗುರುತು ಹಾಕಿಕೊಳ್ಳಿ. ಕಿವಿಯಿಂದ ಕೇಳಿ ಕಣ್ಣಿಗೆ ತಂದುಕೊಳ್ಳುವುದು ರೇಡಿಯೋ ಕೇಳುಗರಾದ ನಿಮಗೆ ಹೊಸದೇನಲ್ಲವಲ್ಲ!

ಹಾಗಾದರೆ ನಾಳೆ ಕಚೇರಿಗೆ ಹೋದಾಗ ಒಂದು ಕೆಲಸ ಮಾಡಿ. ಗೋಡೆಯ ಮೇಲಿನ ಆ ದೊಡ್ಡ ನಕ್ಷೆಯನ್ನು ಕೀಳಬೇಡಿ, ಅದು ಅಲ್ಲೇ ಇರಲಿ. ಅದರ ಪಕ್ಕದಲ್ಲಿ ಒಂದು ಚಿಕ್ಕ ಹಾಳೆ ಅಂಟಿಸಿ. ಮೇಲೆ ಒಂದೇ ಒಂದು ಪ್ರಶ್ನೆ, ಕೆಳಗೆ ಅದಕ್ಕೆ ಬೇಕಾದ ಆರೇಳು ಚೌಕ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ ಅಥವಾ ಹುಡುಗ ಯಾವುದರ ಮುಂದೆ ನಿಂತು ಓದುತ್ತಾರೆ, ಯಾವುದರ ಮುಂದೆ ನಿಂತು ಪ್ರಶ್ನೆ ಕೇಳುತ್ತಾರೆ ಎಂದು ಒಂದು ವಾರ ಗಮನಿಸಿ. ಕಂಡದ್ದನ್ನು ನಮಗೂ ಬರೆದು ತಿಳಿಸಿ.